ಬೀಗ ಹಾಕಿದ ಬರಹಕ್ಕೂ ಬೇಲಿ ಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಮದುವೆಯಲ್ಲಿ ಬಂದ ಒಡವೆ, ಉಡುಗೊರೆಗಳ ಪಟ್ಟಿಯನ್ನು ವಧು ಇಟ್ಟುಕೊಳ್ಳಬೇಕೆಂದು ವರದಕ್ಷಿಣೆ ನಿಷೇಧ ಕಾನೂನಿನ 1985ರ ನಿಯಮಗಳು ಹೇಳುತ್ತವೆ. ಹೊಡೆತ ಬಿದ್ದ ದಿನ, ಹಣ ಕೇಳಿದವರು ಆಡಿದ ಮಾತು, ಇವನ್ನೂ ಬರೆದಿಡಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಟ್ರಂಕಿನ ತಳದ ನೋಟುಬುಕ್ಕು ಒಂದಲ್ಲ ಒಂದು ದಿನ ಅತ್ತೆಯ ಕೈಗೆ ಸಿಗುತ್ತದೆ. ಹಾಗಾಗಿ ಕೆಲವರು ಫೋನಿನಲ್ಲಿ ಗುಪ್ತಪದ ಹಾಕಿ, ಗೂಢಲಿಪಿಯಾಗಿ ಬರೆದಿಡುತ್ತಿದ್ದಾರೆ. ಸಹಿ ಮಾಡಿದ ಕಾಗದ ಬೇರೆ, ಅದನ್ನು ಬಿಸಾಡಬೇಡಿ. ಆದರೂ ಇದು ಒಳ್ಳೆಯ ಉಪಾಯ.

ಕದ್ದು ಓದುವವರ ಭಯ ನಮಗೆಲ್ಲ ಇದೆ. ತಿಳಿಯದೆ ತಿದ್ದುವ ಕೈಯ ಯೋಚನೆ ಮಾತ್ರ ಯಾರಿಗೂ ಇಲ್ಲ. ಅದು ಫೋನು ಹಿಡಿದು ಆಡುವ ಮಗುವಿನದಿರಬಹುದು, ನಿದ್ದೆಗಣ್ಣಿನಲ್ಲಿರುವ ನಿಮ್ಮದೇ ಇರಬಹುದು.

ಸಾಮಾನ್ಯ ಬರಹದಲ್ಲಿ 'ಚಿನ್ನ' ಹೋಗಿ 'ಚಿನ' ಆದರೂ ಅರ್ಥವಾಗುತ್ತದೆ. ಗೂಢಲಿಪಿ ಅಷ್ಟು ಉದಾರಿಯಲ್ಲ. ಇಂದು ಬಹಳ ಕಡೆ ಬಳಸುವ ಎಇಎಸ್ ಎಂಬ ವಿಧಾನ 2001ರಲ್ಲಿ ಅಮೆರಿಕದ ಸರ್ಕಾರಿ ಮಾನಕವಾಯಿತು. ಅದು 16 ಬೈಟುಗಳ ತುಂಡನ್ನು ಒಟ್ಟಿಗೆ ಹಿಡಿದು ಕಲಸುತ್ತದೆ. 'ಚಿನ್ನ' ಎಂಬ ಒಂದು ಮಾತೇ ಕಂಪ್ಯೂಟರಿನ ಲೆಕ್ಕದಲ್ಲಿ 15 ಬೈಟು. ಈಗಿನ ಹಲವು ಪದ್ಧತಿಗಳಲ್ಲಿ ಅರಗಿನ ಮುದ್ರೆಯಂಥ ಒಂದು ಗುರುತೂ ಜೊತೆಗಿರುತ್ತದೆ. ನಡುವೆ ಒಂದಕ್ಷರ ಬದಲಾದರೆ ಮುದ್ರೆ ಹೊಂದುವುದಿಲ್ಲ, ಬರಹ ತೆರೆಯುವುದೇ ಇಲ್ಲ. ಪಾಪ, ಗುಪ್ತಪದ ಮರೆತೆನೆಂದು ಹೆಂಗಸು ತನ್ನನ್ನೇ ಬೈದುಕೊಳ್ಳುತ್ತಾಳೆ!

ಗೂಢಲಿಪಿಯ ಆ ಅಕ್ಷರರಾಶಿಯನ್ನು ದಿನಸಿ ಪಟ್ಟಿ, ಸಂಘದ ಲೆಕ್ಕ ಇವುಗಳ ನಡುವೆ ಇಡುವುದೇ ಅಪಾಯಕ್ಕೆ ಮೂಲ. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಬೆರಳು ತಾಗಿದರೆ ಸಾಕು, ಫೋನಿನ ಕೀಲಿಮಣೆ ತಾನೇ ಜಾಣನಂತೆ ತಿದ್ದಿಬಿಡುತ್ತದೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ಕಡತವಿರಲಿ, ಅದರಲ್ಲಿ ಬೇರೇನೂ ಬೇಡ. 'ಓದಲು ಮಾತ್ರ' ಎಂಬ ಅನುಕೂಲವಿದ್ದರೆ ಹಾಕಿ. ಹೊಸದಾಗಿ ಸೇರಿಸುವುದಿದ್ದರೆ ಮೊದಲು ಗುಪ್ತಪದ ಕೊಟ್ಟು ತೆರೆಯಿರಿ, ಸೇರಿಸಿ, ಮತ್ತೆ ಬೀಗ ಹಾಕಿ. ಕಲಸಿದ ಅಕ್ಷರಗಳನ್ನು ನೇರವಾಗಿ ಮುಟ್ಟಬೇಡಿ. ಮುಟ್ಟಿದ್ದು ಆಗಲೇ ಗೊತ್ತಾದರೆ, ಪುಟ ಮುಚ್ಚುವ ಮೊದಲೇ 'ಹಿಂದಕ್ಕೆ' ಒತ್ತಿ.

ಎಲ್ಲವೂ ಅಂತರಜಾಲದಲ್ಲಿ ಭದ್ರವಾಗಿದೆ ಎಂದು ಹುಡುಗರು ಹೇಳುತ್ತಾರೆ. ನಾನು ಅಷ್ಟು ಬೇಗ ಒಪ್ಪುವವಳಲ್ಲ. ಎರಡು ಫೋನುಗಳಿಗೆ ಒಂದೇ ಟಿಪ್ಪಣಿ ಜೋಡಿಸಿದ್ದರೆ ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಹಾಗಾಗಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ತವರಿನಲ್ಲೋ ನಂಬಿಕೆಯ ಗೆಳತಿಯ ಬಳಿಯೋ ಇಡಿ. ಗುಪ್ತಪದವಿಲ್ಲದೆ ಅವರೂ ಓದಲಾರರು, ಸಂಕೋಚ ಬೇಡ. ಗುಪ್ತಪದವನ್ನು ಮಾತ್ರ ಅದರ ಜೊತೆಗೇ ಇಡಬೇಡಿ.

ತಿಂಗಳ ಸಭೆಗೆ ಬಂದಾಗ, ಮನೆಯವರ ಕಣ್ಣಿಲ್ಲದ ಕಡೆ ಕೂತು ಒಮ್ಮೆ ತೆರೆದು ನೋಡಿ. ತೆರೆದರೆ ಹೊಸ ಪ್ರತಿ ಮಾಡಿಕೊಳ್ಳಿ. ತೆರೆಯದಿದ್ದರೆ ಗೆಳತಿಯ ಬಳಿಯ ಪ್ರತಿಯನ್ನು ತರಿಸಿ. ಕೆಟ್ಟದ್ದನ್ನು ಅದರ ಮೇಲೆ ಹಾಕಬೇಡಿ.