ಬಸ್ಸಿಲ್ಲದ ದಿನಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)



ಕೊರೊನಾ ಕಾಲದ ಲಾಕ್‌ಡೌನಿನಲ್ಲಿ ನಾವು ಏನನ್ನು ಕಳೆದುಕೊಂಡೆವು ಎಂಬುದರ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಹೇಳಿದರು. ವಿಷಯ ಹಳೆಯದಾಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂದು ಹೈಸ್ಕೂಲು, ಕಾಲೇಜಿನ ಸಾಲುಗಳಲ್ಲಿ ಕುಳಿತಿರುವ ನೀವೆಲ್ಲ ಆಗ ಪ್ರಾಥಮಿಕ ಶಾಲೆಯ ಮಕ್ಕಳು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಕ್ಕಳು 2020ರ ಮಾರ್ಚ್‌ನಲ್ಲಿ ಶಾಲೆ ಬಿಟ್ಟವರು ಮತ್ತೆ ತರಗತಿಯೊಳಗೆ ಕುಳಿತದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಅದರ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದು ಪಾಠ ಮಾಡುವ ನಮಗೆ ದಿನವೂ ಗೊತ್ತಾಗುತ್ತದೆ.

ಸತ್ತವರ ಬಗ್ಗೆ, ಆಸ್ಪತ್ರೆಗಳ ಬಗ್ಗೆ ತಿಳಿದವರು ಬಹಳ ಮಾತನಾಡಿದ್ದಾರೆ. ನಾನು ಹೇಳಹೊರಟಿರುವುದು ಒಂದು ಸಣ್ಣ ವಿಷಯ. ಅದು ಬಸ್ಸು. ಹೊಸಪೇಟೆಯಿಂದ ಕಂಪ್ಲಿಗೆ, ಹೊಸಪೇಟೆಯಿಂದ ಸಂಡೂರಿಗೆ, ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸು.

ನನ್ನ ತವರು ಕಂಪ್ಲಿ. ಕೆಲಸ ಹೊಸಪೇಟೆಯಲ್ಲಿ. ತಂಗಿಯನ್ನು ಕೊಟ್ಟಿರುವುದು ಸಂಡೂರಿಗೆ. ಈ ಸಭೆಯಲ್ಲಿ ಕುಳಿತಿರುವ ಬಹುತೇಕರ ಸಂಸಾರವೂ ಹೀಗೆಯೇ ನಾಲ್ಕು ಊರುಗಳಲ್ಲಿ ಹಂಚಿಹೋಗಿದೆ. ಕಂಪ್ಲಿಯೂ ಸಂಡೂರೂ ಹೊಸಪೇಟೆಯಿಂದ ಸುಮಾರು ಮೂವತ್ತು ಕಿಲೋಮೀಟರು, ಹಂಪಿಯಂತೂ ಹದಿಮೂರೇ ಕಿಲೋಮೀಟರು. ಇದನ್ನು ನಾವು ಪ್ರಯಾಣ ಎಂದು ಕರೆಯುವುದೇ ಇಲ್ಲ. ದಿಲ್ಲಿಗೆ ಹೋದರೆ ಪ್ರಯಾಣ, ಹಜ್ಜಿಗೆ ಹೋದರೆ ಪ್ರಯಾಣ. ಕಂಪ್ಲಿಗೆ ಹೋಗುವುದು ‘ಹೋಗಿ ಬರುವುದು’, ಅಷ್ಟೆ. ಭಾನುವಾರ ಬೆಳಿಗ್ಗೆ ನಿಲ್ದಾಣದ ಹತ್ತಿರ ಒಗ್ಗರಣೆ-ಮಿರ್ಚಿ ತಿಂದು ಬಸ್ಸು ಹತ್ತಿದರೆ ಕಮಲಾಪುರದ ಕೆರೆ, ಬಾಳೆತೋಟ, ಬುಕ್ಕಸಾಗರ, ಎರಡೂ ಕಡೆ ಭತ್ತದ ಗದ್ದೆ ನೋಡುತ್ತಾ ಅಮ್ಮನ ಮನೆ. ಸಂಜೆ ವಾಪಸು. ಸಂಡೂರಿನ ದಾರಿಯಲ್ಲಾದರೆ ಅದಿರಿನ ಲಾರಿಗಳು, ಕೆಂಪು ಧೂಳು, ಆಮೇಲೆ ಬೆಟ್ಟಗಳ ನಡುವಿನ ಹಸಿರು. ಮಳೆಗಾಲದಲ್ಲಿ ಸಂಡೂರನ್ನು ನೋಡದವರಿಗೆ ಬಳ್ಳಾರಿ ಸೀಮೆ ಎಂದರೆ ಬರೀ ಬಿಸಿಲು ಎನಿಸುವುದರಲ್ಲಿ ಆಶ್ಚರ್ಯವಿಲ್ಲ.

2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಒಂದು ದಿನ ತಾನೇ ಎಂದುಕೊಂಡೆವು. 24ರ ರಾತ್ರಿ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ 27ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತು. ಅದು ಮುಂದಕ್ಕೆ ಹೋಯಿತು. ಮಾರ್ಚ್ ಕೊನೆಗೆ ಹೊಸಪೇಟೆಯಲ್ಲೇ ಸೋಂಕು ಕಾಣಿಸಿಕೊಂಡ ಮೇಲೆ ಓಣಿಗಳಿಗೆ ಬಿದಿರಿನ ಅಡ್ಡಗಟ್ಟೆ ಬಿತ್ತು. ರೈಲಿಲ್ಲ, ಬಸ್ಸಿಲ್ಲ, ಟಂಟಂ ಇಲ್ಲ. ಹಗಲೂ ರಾತ್ರಿ ಹಾರ್ನಿನಿಂದ ತಲೆ ಚಿಟ್ಟು ಹಿಡಿಸುವ ನಮ್ಮ ನಿಲ್ದಾಣದಲ್ಲಿ ನಾಯಿಗಳು ಮಲಗಿದ್ದವು.

ನಮ್ಮ ಭಾಗದವರು ಓಡಾಟ ನಿಂತದ್ದನ್ನು ಅದಕ್ಕೂ ಮೊದಲು ಒಮ್ಮೆ ನೋಡಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತು, ಚಾಲಕರು, ಕ್ಲೀನರುಗಳು, ಗ್ಯಾರೇಜಿನವರು ಕೆಲಸವಿಲ್ಲದೆ ಕುಳಿತಿದ್ದರು. ಆದರೆ ಆಗ ಜನ ಓಡಾಡುತ್ತಿದ್ದರು, ಬೇರೆ ಊರಿಗೆ ಹೋಗಿ ಕೆಲಸ ಹುಡುಕಬಹುದಿತ್ತು. ಇನ್ನೂ ಹಿಂದಕ್ಕೆ ಹೋದರೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಪೇಟೆಯ ಮನೆ ಬಿಟ್ಟು ಹೊರಗೆ ಬಯಲಿಗೆ ಹೋದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ನಂತರವೇ. ಆ ರೋಗ ಜನರನ್ನು ಮನೆಯಿಂದ ಹೊರಗೆ ಹಾಕಿತು. ಈ ರೋಗ ಮನೆಯೊಳಗೆ ಹಾಕಿ ಬೀಗ ಜಡಿಯಿತು.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ತಂಗಿಗೆ ಅದು ಚೊಚ್ಚಲ ಹೆರಿಗೆ. ಏಪ್ರಿಲ್ ಮೊದಲ ವಾರ ಕಂಪ್ಲಿಗೆ ಕರೆತರುವುದೆಂದು ನಿಶ್ಚಯವಾಗಿತ್ತು. ಅಮ್ಮ ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದರು, ಬಾಣಂತಿಗೆಂದು ಒಣಕೊಬ್ಬರಿ, ಅಂಟು, ಉತ್ತುತ್ತಿ ತರಿಸಿದ್ದರು. ಕಂಪ್ಲಿಯಿಂದ ಸಂಡೂರಿಗೆ ಎರಡು ಬಸ್ಸು, ಮಧ್ಯೆ ಹೊಸಪೇಟೆಯಲ್ಲಿ ಒಂದು ಚಹಾ. ಅಷ್ಟು ದೂರವನ್ನು ದಾಟಲು ಆಗಲಿಲ್ಲ. ರಂಜಾನ್ ಏಪ್ರಿಲ್ 25ಕ್ಕೆ ಶುರುವಾಯಿತು. ಮೊದಲ ವಾರದಲ್ಲೇ ಮಗು ಹುಟ್ಟಿತು. ಅಜಾನ್ ಹೇಳಿದ್ದು ಅಲ್ಲಿಯೇ ನೆರೆಮನೆಯ ಹಿರಿಯರು. ಅಮ್ಮ ಕಂಪ್ಲಿಯಲ್ಲಿ ಕುಳಿತು ವಿಡಿಯೋ ಕರೆಯಲ್ಲಿ ಮಗುವಿನ ಮುಖ ನೋಡಿದರು. ನೆಟ್‌ವರ್ಕ್ ಸರಿ ಇರಲಿಲ್ಲ, ಮುಖ ಅಲ್ಲಲ್ಲೇ ನಿಂತುಬಿಡುತ್ತಿತ್ತು. ಮರುದಿನದಿಂದ ಅಮ್ಮ ಪ್ರತಿದಿನ ನನಗೆ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು: “ಬಸ್ ಚಾಲೂ ಹುವಾ ಕ್ಯಾ?” ಹೊಸಪೇಟೆಯಲ್ಲಿದ್ದೇನೆಂದ ಮೇಲೆ ಬಸ್ಸಿನ ಸುದ್ದಿ ನನಗೆ ಮೊದಲು ತಿಳಿಯುತ್ತದೆಂದು ಅವರ ನಂಬಿಕೆ.

ಮೇ 19ರಿಂದ ಬಸ್ಸುಗಳು ಓಡಲಾರಂಭಿಸಿದವು, ಒಂದು ಬಸ್ಸಿಗೆ ಮೂವತ್ತೇ ಜನ. ಭಾನುವಾರ ಮಾತ್ರ ಪೂರ್ತಿ ಬಂದ್. ಆ ಭಾನುವಾರ ಮೇ 24, ಈದ್ ಹಬ್ಬದ ಹಿಂದಿನ ದಿನ! ಅಂಗಡಿ ಇಲ್ಲ, ಈದ್ಗಾ ಇಲ್ಲ. ಮನೆಯಲ್ಲೇ ನಮಾಜು ಮುಗಿಸಿ ಶೀರ್‌ಖುರ್ಮಾ ಮಾಡಿ, ಕೊಡುವುದಕ್ಕೆ ಯಾರ ಮನೆಗೂ ಹೋಗಲಾಗದೆ ನಾವೇ ಕುಡಿದೆವು. ಜೂನಿನಲ್ಲಿ ತೋರಣಗಲ್ಲಿನ ಕಡೆ ಸೋಂಕು ಹೆಚ್ಚಾದ ಸುದ್ದಿ ಬಂದು ಸಂಡೂರಿನ ದಾರಿಗೆ ಮತ್ತೆ ಹೆದರಿಕೆ. ಕೊನೆಗೆ ಅಮ್ಮ ಮೊಮ್ಮಗನನ್ನು ಎತ್ತಿಕೊಂಡಾಗ ಅವನಿಗೆ ಎರಡು ತಿಂಗಳು ತುಂಬಿ, ಮುಖ ನೋಡಿ ನಗುವುದನ್ನು ಕಲಿತಿದ್ದ. ಒಣಕೊಬ್ಬರಿಗೆ ಅಷ್ಟರಲ್ಲಿ ಹುಳ ಬಿದ್ದಿತ್ತು.

ಇಂತಹ ಕಥೆ ನಿಮ್ಮೆಲ್ಲರ ಮನೆಯಲ್ಲೂ ಒಂದೊಂದು ಇದೆ. ಇದಕ್ಕಿಂತ ಎಷ್ಟೋ ಕಷ್ಟದ ಕಥೆಗಳಿವೆ. ಹಂಪಿಯನ್ನೇ ನಂಬಿ ಬದುಕುವವರ ಮಾತು ಬಂದರೆ ನನ್ನದು ಕಷ್ಟವೇ ಅಲ್ಲ.

ನಮ್ಮ ಶಾಲೆಯ ಹಲವು ಮಕ್ಕಳ ತಂದೆಯರು ಹಂಪಿಗೆ ಆಟೋ ಓಡಿಸುವವರು. ಪುರಾತತ್ವ ಇಲಾಖೆಯವರು ದೇಶದ ಸ್ಮಾರಕಗಳನ್ನೆಲ್ಲ 2020ರ ಮಾರ್ಚ್ 17ರಿಂದಲೇ ಮುಚ್ಚಿದರು, ಎಂದರೆ ಲಾಕ್‌ಡೌನಿಗೂ ಒಂದು ವಾರ ಮೊದಲು. ತೆರೆಯಲು ಅನುಮತಿ ಸಿಕ್ಕಿದ್ದು ಜುಲೈ 6ರಿಂದ. ಆದರೆ ಬಾಗಿಲು ತೆರೆದರೇನು, ಬರುವವರು ಬೇಕಲ್ಲ? ಹಂಪಿಯ ಸೀಜನ್ ಅಕ್ಟೋಬರಿನಿಂದ ಫೆಬ್ರವರಿ. ಆ ಐದು ತಿಂಗಳ ದುಡಿಮೆಯಲ್ಲಿ ವರ್ಷವಿಡೀ ಉಣ್ಣಬೇಕು. ವಿದೇಶಿ ಪ್ರವಾಸಿಗರಿಗೆ ಮತ್ತೆ ವೀಸಾ ಸಿಗತೊಡಗಿದ್ದು 2021ರ ಕೊನೆಯ ತಿಂಗಳುಗಳಲ್ಲಿ. ಲೆಕ್ಕ ಹಾಕಿ ನೋಡಿ, ಒಂದು ಇಡೀ ಸೀಜನ್ ಹಾಗೆಯೇ ಹೋಯಿತು, ಇನ್ನೊಂದು ಅರ್ಧಂಬರ್ಧ. ಆಟೋದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ತೆಪ್ಪ ಹಾಕುವವರು, ಎಳನೀರು ಮಾರುವವರು, ಗೈಡುಗಳು, ಎಲ್ಲರದೂ ಇದೇ ಪಾಡು. ತಳ್ಳುಗಾಡಿಯಲ್ಲಿ ತರಕಾರಿ ಮಾರೋಣವೆಂದು ಹೊರಟ ನಮ್ಮ ಕೆಲವು ಹುಡುಗರನ್ನು ಆ ಏಪ್ರಿಲಿನಲ್ಲಿ ಹೆಸರು ಕೇಳಿ ಹಿಂದಕ್ಕೆ ಕಳಿಸಿದ್ದೂ ಉಂಟು. ಟಿ.ವಿ.ಯಲ್ಲಿ ಬಂದ ಮಾತುಗಳು ಓಣಿಗೂ ಬಂದಿದ್ದವು. ಅದೇ ಓಣಿಗಳಲ್ಲಿ, ಹೆಸರು ಕೇಳದೆ ಅಕ್ಕಿ ಚೀಲ ಇಳಿಸಿ ಹೋದವರೂ ಇದ್ದರು. ಎರಡನ್ನೂ ಹೇಳದಿದ್ದರೆ ನಾನು ಪೂರ್ತಿ ಹೇಳಿದಂತಾಗುವುದಿಲ್ಲ.

ಈಗ ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ನಾನು ಇಲ್ಲಿ ನಿಂತಿರುವುದೇ ಇದಕ್ಕಾಗಿ.

ಮುಂದಕ್ಕೆ ಹೋಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ 2020ರ ಜೂನ್ 25ರಿಂದ ಜುಲೈ 4ರವರೆಗೆ ನಡೆಯಿತು. ಆ ಮಕ್ಕಳಿಗೆ ಮೂರು ತಿಂಗಳು ಪುಸ್ತಕ ಎದುರಿಗಿತ್ತು, ಮನಸ್ಸು ಎಲ್ಲೋ ಇತ್ತು. ಆದರೂ ಬಂದರು, ಮಾಸ್ಕು ಹಾಕಿಕೊಂಡು ಬರೆದರು. ಅವರ ಹಿಂದಿನ ಮಕ್ಕಳದು ಇನ್ನೊಂದು ಕಥೆ. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ಮತ್ತೆ ಎಲ್ಲ ಬಂದ್ ಆಯಿತು. ಆ ವರ್ಷದ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ. ಸರಿ ಉತ್ತರಕ್ಕೆ ಗುರುತು ಹಾಕಿದರಾಯಿತು. ಭಾಷೆಯ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯದೆ ಮಕ್ಕಳು ಹತ್ತನೇ ತರಗತಿ ದಾಟಿದರು. ಆ ಕಾಲಕ್ಕೆ ಅದೇ ಸರಿ ಇತ್ತೇನೋ. ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಮಾತ್ರ ಅದು ಸಮಾಧಾನ ಕೊಡಲಿಲ್ಲ.

ಮನೆಯಲ್ಲೇ ಕುಳಿತ ಮಗು ಕನ್ನಡವನ್ನು ಎಲ್ಲಿ ಕಲಿಯಬೇಕು, ಹೇಳಿ? ನಮ್ಮ ಮನೆಗಳ ಮಾತು ದಖನಿ. ನಮ್ಮ ಮಕ್ಕಳು ಕನ್ನಡ ಕಲಿಯುವುದು ನಮ್ಮಂಥ ಶಿಕ್ಷಕರಿಂದ ಎಂದು ನಾವು ಹೆಮ್ಮೆ ಪಡುತ್ತೇವೆ. ನಿಜವಾಗಿ ಅರ್ಧ ಕನ್ನಡ ಕಲಿಸುವವರು ಕಂಡಕ್ಟರು, ಪಕ್ಕದ ಸೀಟಿನ ಅಜ್ಜಿ, ಸಂತೆಯ ಸೊಪ್ಪಿನವಳು. ‘ಸರಿದು ಕೂತ್ಕೋ’, ‘ಚಿಲ್ಲರೆ ಕೊಡಮ್ಮಾ’, ‘ಯಾವೂರು ನಿಂದು?’ ಎಂಬ ಮಾತುಗಳಲ್ಲಿ ಮಗು ಭಾಷೆ ಕಲಿಯುತ್ತದೆ. ಶಾಲೆ ಮತ್ತೆ ತೆರೆದಾಗ ಐದನೇ ತರಗತಿಯ ಮಕ್ಕಳು ಕನ್ನಡ ಓದುವುದನ್ನಷ್ಟೇ ಮರೆತಿರಲಿಲ್ಲ, ಹೊರಗಿನವರು ಮಾತನಾಡಿಸಿದರೆ ಉತ್ತರ ಕೊಡುವ ಧೈರ್ಯವನ್ನೂ ಬಿಟ್ಟಿದ್ದರು. ಓದುವುದನ್ನು ಆರು ತಿಂಗಳಲ್ಲಿ ಸರಿಮಾಡಿದೆವು. ಎರಡನೆಯದಕ್ಕೆ ಬಹಳ ಕಾಲ ಹಿಡಿಯಿತು.

ಇದಕ್ಕಿಂತ ದೊಡ್ಡ ನಷ್ಟ ಒಂದಿದೆ. ಕಂಪ್ಲಿ ರಸ್ತೆಯ ಒಂದು ಹಳ್ಳಿಯಿಂದ ಐವರು ಹುಡುಗಿಯರು ಒಂದೇ ಬಸ್ಸಿನಲ್ಲಿ ಹೊಸಪೇಟೆಗೆ ಓದಲು ಬರುತ್ತಿದ್ದರು. ಐವರೂ ಜೊತೆಗಿದ್ದಾರೆಂಬ ಧೈರ್ಯದಿಂದಲೇ ಮನೆಯವರು ಕಳಿಸುತ್ತಿದ್ದರು. ಲಾಕ್‌ಡೌನ್ ಮುಗಿದ ಮೇಲೆ ಮರಳಿ ಬಂದವರು ಇಬ್ಬರು. ಒಬ್ಬಳಿಗೆ ಮದುವೆಯಾಗಿತ್ತು. ನೂರು ಜನಕ್ಕೆ ಊಟ ಹಾಕಬೇಕಾಗಿಲ್ಲ, ಖರ್ಚು ಕಡಿಮೆ ಎಂದು ಆ ದಿನಗಳಲ್ಲಿ ಆತುರದಿಂದ ಆದ ಮದುವೆಗಳನ್ನು ನೀವೂ ನೋಡಿದ್ದೀರಿ. ಇನ್ನೊಬ್ಬಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಮೂರನೆಯವಳ ಮನೆಗೆ ನಾನು ಹೋದಾಗ ಅವಳ ತಂದೆ ಹೇಳಿದರು: “ಆಪಾ, ಓದಿಸಬಾರದು ಅಂತಲ್ಲ. ಬೆಳಗಿನ ಬಸ್ಸು ಬರುವುದಿಲ್ಲ ಈಗ. ಎಂಟೂವರೆಗೆ ಬರುವುದು ಹೌಸ್‌ಫುಲ್. ಹೆಣ್ಣು ಹುಡುಗಿ ಬಾಗಿಲಲ್ಲಿ ಜೋತಾಡಿಕೊಂಡು ಹೋಗಬೇಕಾ?” ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಲಾಕ್‌ಡೌನಿನಲ್ಲಿ ನಿಂತ ಎಲ್ಲ ಟ್ರಿಪ್ಪುಗಳೂ ಮತ್ತೆ ಶುರುವಾಗಲಿಲ್ಲ. ಪತ್ರಿಕೆಯಲ್ಲಿ ‘ಬಸ್ ಸಂಚಾರ ಪುನರಾರಂಭ’ ಎಂದು ಬಂದಿತ್ತು. ಆ ಹಳ್ಳಿಯ ಮಟ್ಟಿಗೆ ಲಾಕ್‌ಡೌನ್ ಇನ್ನೂ ಎರಡು ವರ್ಷ ಮುಂದುವರಿಯಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಇಲ್ಲವಾಯಿತು. ಅದನ್ನು ಹಾಸ್ಯ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ದಿನಕ್ಕೆ ಐವತ್ತು ರೂಪಾಯಿ ಬಸ್ಸಿಗೆ ಕೊಡಬೇಕಾದ ಮನೆಯಲ್ಲಿ ಹುಡುಗಿಯ ಓದು ಮೊದಲು ನಿಲ್ಲುತ್ತದೆ, ಹುಡುಗನದ್ದು ಆಮೇಲೆ. ಆದರೆ ಹಣ ಉಳಿದ ಮಾತ್ರಕ್ಕೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವುದಿಲ್ಲ, ಬಂದ ಬಸ್ಸಿನಲ್ಲಿ ಜಾಗವೂ ಹುಟ್ಟುವುದಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆ, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಅರ್ಜಿ ಕೊಡುವವರು ಎರಡೂ ಕಡೆ ಕೊಡಬೇಕು. ನಮ್ಮ ಸಂಘಕ್ಕೆ ಎರಡೂ ಜಿಲ್ಲೆಗಳಲ್ಲಿ ಸದಸ್ಯರಿದ್ದಾರೆ. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಮಾಡುತ್ತೇವೆ, ಒಳ್ಳೆಯದು. ಅದರ ಜೊತೆಗೆ ಯಾವ ಹಳ್ಳಿಯಿಂದ ಎಷ್ಟು ಹುಡುಗಿಯರು ಬರುತ್ತಾರೆ, ಎಷ್ಟು ಗಂಟೆಗೆ ಬಸ್ಸು ಬೇಕು ಎಂಬ ಒಂದು ಪಟ್ಟಿಯನ್ನು ಮಾಡಿ ಸಂಬಂಧಪಟ್ಟವರ ಮುಂದೆ ಇಡುವುದು ಹಾರ ಶಾಲುಗಳಿಗಿಂತ ಕಡಿಮೆ ಖರ್ಚಿನ ಕೆಲಸ. ನನ್ನ ಕೈಯಲ್ಲಿ ಏಳು ಹಳ್ಳಿಗಳ ಪಟ್ಟಿ ಇದೆ. ಉಳಿದವನ್ನು ನೀವು ಕೊಡಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ವಿಷಯ. ಲಾಕ್‌ಡೌನಿನಲ್ಲಿ ನನ್ನ ಮಕ್ಕಳಿಗೆ ‘ಎಲ್ಲ ತೆರೆದ ಮೇಲೆ ಎಲ್ಲಿಗೆ ಹೋಗುತ್ತೀರಿ?’ ಎಂದು ಬರೆಯಲು ಹೇಳಿದ್ದೆ. ದುಬೈ ಬರೆದವರಿದ್ದರು, ಗೋವಾ ಬರೆದವರಿದ್ದರು. ಹೆಚ್ಚಿನವರು ಬರೆದದ್ದು ನಾನಿಯ ಮನೆ ಮತ್ತು ಹಂಪಿ. ಕೇಳಿ ನೋಡಿದರೆ ಅವರಲ್ಲಿ ಅರ್ಧ ಮಕ್ಕಳು ಹಂಪಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ! ತಂದೆ ದಿನಾ ಅಲ್ಲಿಗೆ ಆಟೋ ಓಡಿಸುತ್ತಾರೆ, ಮಕ್ಕಳು ನೋಡಿಲ್ಲ. ಅಂದಿನಿಂದ ಪ್ರತಿ ವರ್ಷ ನಾನು ಮಕ್ಕಳನ್ನು ಸರ್ಕಾರಿ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತೇನೆ. ಕಲ್ಲಿನ ರಥವನ್ನು ಎಲ್ಲರೂ ತೋರಿಸುತ್ತಾರೆ. ನಾನು ಮೊದಲು ತೋರಿಸುವುದು ತಳವಾರಘಟ್ಟದ ಕಡೆಯ ಅಹ್ಮದ್ ಖಾನನ ಮಸೀದಿ ಮತ್ತು ಗೋರಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಅಧಿಕಾರಿ 1439ರಲ್ಲಿ ದೊರೆಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ. ಅಲ್ಲಿನ ಶಾಸನ ಕನ್ನಡದಲ್ಲಿದೆ, ಮಸೀದಿಯನ್ನು ಅದು ಧರ್ಮಸಾಲೆ ಎಂದು ಕರೆಯುತ್ತದೆ. ಕಂಬಗಳ ಮೇಲೆ ಚಪ್ಪಟೆ ಚಾವಣಿ, ನೋಡಿದರೆ ಹಂಪಿಯ ಇತರ ಮಂಟಪಗಳಂತೆಯೇ ಇದೆ. ಮಕ್ಕಳು ‘ಇದು ಮಸೀದೀನಾ ಟೀಚರ್?’ ಎಂದು ಎರಡು ಸಲ ಕೇಳುತ್ತಾರೆ.

ಈ ಸಲ ಬರುವ ತಿಂಗಳ ಎರಡನೇ ಭಾನುವಾರ ಹೋಗುತ್ತಿದ್ದೇವೆ. ಬರುವವರು ಇಂದೇ ಹೊರಗಿನ ಮೇಜಿನ ಹತ್ತಿರ ಹೆಸರು ಬರೆಸಿ. ಹುಡುಗಿಯರು ಆಧಾರ್ ಕಾರ್ಡು ತನ್ನಿ, ಊಟದ ಡಬ್ಬಿ ಎಲ್ಲರೂ ತನ್ನಿ. ಬೆಳಿಗ್ಗೆ ಏಳು ಗಂಟೆಗೆ ಬಸ್ ನಿಲ್ದಾಣದ ಒಳಗೆ ನಿಂತಿರುತ್ತೇನೆ.