ಬೈಸಿಕಲ್ಲಿನ ಊರು ಡೇವಿಸ್

ಕ್ಯಾಲಿಫೋರ್ನಿಯ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಚಿನ್ನದ ಗಣಿ, ಇಲ್ಲವೆ ಹಾಲಿವುಡ್ಡಿನ ಚಲಚ್ಚಿತ್ರ. ನಾನು ಈ ಹೊತ್ತು ನಿಮಗೆ ಹೇಳಹೊರಟಿರುವುದು ಇವೆರಡೂ ಇಲ್ಲದ ಒಂದು ಸಣ್ಣ ಊರಿನ ವಿಚಾರ. ಅದರ ಹೆಸರು ಡೇವಿಸ್. ರಾಜಧಾನಿ ಸ್ಯಾಕ್ರಮೆಂಟೊದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರು ದೂರ. ಸುತ್ತಲೂ ಅಂಗೈಯಂತೆ ಸಮನಾದ, ಫಲವತ್ತಾದ ಭೂಮಿ.

ಇದು ಪಟ್ವಿನ್ ಎಂಬ ಮೂಲನಿವಾಸಿಗಳು ಬಾಳಿದ ನಾಡು. 1868ರಲ್ಲಿ ಇಲ್ಲಿಗೆ ರೈಲು ಬಂದಿತು. ಜೆರೋಮ್ ಡೇವಿಸ್ ಎಂಬ ಜಮೀನುದಾರನ ಹೆಸರಿನಲ್ಲಿ ಡೇವಿಸ್‌ವಿಲ್ ಎಂಬ ಊರು ಹುಟ್ಟಿತು. 1906ರಲ್ಲಿ ವಿಶ್ವವಿದ್ಯಾನಿಲಯದ ಕೃಷಿಕ್ಷೇತ್ರಕ್ಕೆ ಇದೇ ಸ್ಥಳವನ್ನು ಆರಿಸಿದರು. ಅದು ಬೆಳೆದು, 1959ರಲ್ಲಿ ಸಕಲ ಶಾಸ್ತ್ರಗಳನ್ನೂ ಕಲಿಸುವ ವಿದ್ಯಾಕೇಂದ್ರವಾಯಿತು. 1960ರಲ್ಲಿ ಒಂಬತ್ತು ಸಾವಿರದಷ್ಟಿದ್ದ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 66,850 ಆಗಿತ್ತು.

ವಿದ್ಯಾರ್ಥಿಗಳು ಹೆಚ್ಚಿದಂತೆ ಬೀದಿಗಳಲ್ಲಿ ಮೋಟಾರುಗಳೂ ಹೆಚ್ಚಿದವು. ವಿದ್ಯಾಕೇಂದ್ರದ ಮುಖ್ಯಸ್ಥರಾದ ಎಮಿಲ್ ಮ್ರಾಕ್ ಅವರು, ಬರುವಾಗ ಬೈಸಿಕಲ್ ತನ್ನಿರೆಂದು ವಿದ್ಯಾರ್ಥಿಗಳಿಗೆ ಹೇಳಿದರು. ಹಾಲೆಂಡಿನಲ್ಲಿ ಕೆಲಕಾಲವಿದ್ದು ಬಂದ ಅಧ್ಯಾಪಕ ದಂಪತಿಗಳು, ಅಲ್ಲಿರುವಂತೆ ಇಲ್ಲಿಯೂ ಬೈಸಿಕಲ್ಲಿಗೆ ಪ್ರತ್ಯೇಕ ದಾರಿ ಬೇಕೆಂದು ಕೇಳಿದರು. ಪುರಸಭೆ ಮೊದಲು ಒಪ್ಪಲಿಲ್ಲ. ಜನ ಸುಮ್ಮನಾಗಲಿಲ್ಲ, ಮನವಿಗೆ ರುಜು ಕೂಡಿಸಿದರು. 1966ರ ಚುನಾವಣೆಯಲ್ಲಿ ಬೈಸಿಕಲ್ಲಿನ ಪರವಾದವರನ್ನೇ ಗೆಲ್ಲಿಸಿದರು. ಮರುವರ್ಷ, ರಸ್ತೆಯ ಅಂಚಿನಲ್ಲಿ ಗೆರೆ ಎಳೆದು ಬೈಸಿಕಲ್ಲಿಗೆಂದೇ ದಾರಿ ಬಿಡಲಾಯಿತು. ಅಮೆರಿಕದಲ್ಲಿ ಇಂತಹ ದಾರಿಗಳಿಗೆ ಇದೇ ಮೇಲ್ಪಂಕ್ತಿ.

ಇದೇ ಜನ ಇನ್ನೊಂದು ಕಟ್ಟಳೆಯನ್ನೂ ಮಾಡಿಕೊಂಡರು. ಊರಂಚಿನ ಹೊಲವನ್ನು ನಿವೇಶನವಾಗಿ ಮಾರ್ಪಡಿಸಬೇಕಾದರೆ ಪುರಜನರ ಮತ ಪಡೆಯಬೇಕು. 2000ದಲ್ಲಿ ಬಂದ ಈ ನಿಯಮವನ್ನು 2010ರಲ್ಲಿಯೂ 2020ರಲ್ಲಿಯೂ ಮತದಾರರೇ ಮುಂದುವರಿಸಿದರು. 2005ರಲ್ಲಿ ದೊಡ್ಡದೊಂದು ಬಡಾವಣೆಯ ಯೋಜನೆಯನ್ನು ಅವರೇ ತಳ್ಳಿಹಾಕಿದರು.

ಹೊಲ ಉಳಿಯಿತು, ನಿಜ. ಆದರೆ ಅದಕ್ಕೆ ಬೆಲೆ ತೆತ್ತವರು ಯಾರು? ಮನೆಗಳು ಸಾಲದಾದವು, ಬಾಡಿಗೆ ಏರಿತು. ಊರಿನಲ್ಲಿ ದುಡಿಯುವ ಎಷ್ಟೋ ಮಂದಿ ವುಡ್‌ಲೆಂಡಿನಲ್ಲೋ ಸ್ಯಾಕ್ರಮೆಂಟೊದಲ್ಲೋ ವಾಸಮಾಡಿ, ದಿನವೂ ಮೋಟಾರಿನಲ್ಲಿ ಬಂದುಹೋಗುತ್ತಾರೆ. ಬೈಸಿಕಲ್ಲಿನ ಊರಿಗೆ ಮೋಟಾರಿನ ಸಾಲು! ಮತ ಹಾಕುವವರು ಊರೊಳಗಿನವರು. ಮನೆ ಬೇಕಾದವರಲ್ಲಿ ಅನೇಕರು ಊರ ಹೊರಗಿನವರು.

ತಮ್ಮ ಊರು ಹೇಗೆ ಬೆಳೆಯಬೇಕೆಂಬುದನ್ನು ಊರವರೇ ತೀರ್ಮಾನಿಸಬಹುದೆಂದು ಡೇವಿಸ್ ತೋರಿಸಿಕೊಟ್ಟಿದೆ. ಆ ತೀರ್ಮಾನದಲ್ಲಿ, ಇನ್ನೂ ಊರಿಗೆ ಬಾರದವರ ಪಾಲನ್ನೂ ಎಣಿಸುವುದು ಹೇಗೆ ಎಂಬುದೇ ಅದರ ಮುಂದಿರುವ ಕಠಿನವಾದ ಪ್ರಶ್ನೆ. ಬೆಳೆಯುತ್ತಿರುವ ಯಾವ ಊರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.