ಗಿಟಕು, ಮಿದುಳು ಮತ್ತು ಅಜ್ಜಿಯ ಮರೆವು

ಹಂದನಕೆರೆ ಸುತ್ತಿನ ಮಕ್ಕಳಿಗೆ ಅಟ್ಟದ ಮೇಲಿನ ತೆಂಗಿನಕಾಯಿಯ ವಿಷಯ ಹೇಳಿಕೊಡಬೇಕಿಲ್ಲ. ಬಲಿತ ಕಾಯಿ ಅಟ್ಟ ಸೇರಿ ಹತ್ತು ಹನ್ನೊಂದು ತಿಂಗಳಾದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟಕಾಗುತ್ತದೆ. ಅಜ್ಜಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ 'ಇದಾಗಿದೆ, ಇದಿನ್ನೂ ಆಗಬೇಕು' ಎಂದುಬಿಡುತ್ತಾರೆ. ಅದೇ ಅಜ್ಜಿಯನ್ನು 'ಬೆಳಿಗ್ಗೆ ಮನೆಗೆ ಯಾರು ಬಂದಿದ್ರು?' ಎಂದು ಕೇಳಿ ನೋಡಿ, ತಡವರಿಸುತ್ತಾರೆ.

ನೆನಪು ಒಂದೇ ಬಗೆಯದಲ್ಲ. ಸೈಕಲ್ ತುಳಿಯುವುದು, ಗರಿ ಹೆಣೆಯುವುದು ಇಂಥ ಕೈಯಭ್ಯಾಸದ ನೆನಪು ಬೇರೆ, ಬೆಳಿಗ್ಗೆ ನಡೆದದ್ದರ ನೆನಪು ಬೇರೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗ ತಡೆಯಲೆಂದು 1953ರಲ್ಲಿ ವೈದ್ಯರು ಅವರ ಮಿದುಳಿನ ಎಡಬಲ ಎರಡೂ ಕಡೆಯ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಆಮೇಲೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕಷ್ಟದ ಕೆಲಸ ಕೊಟ್ಟಾಗ ದಿನದಿನಕ್ಕೂ ಚೆನ್ನಾಗಿ ತಿದ್ದಿದರು, ನಿನ್ನೆ ತಿದ್ದಿದ್ದೇ ಅವರಿಗೆ ಗೊತ್ತಿರಲಿಲ್ಲ! ಅವರ ಕೈ ಕಲಿತಿತ್ತು.

ವಯಸ್ಸಾದಂತೆ ಈ ಹಿಪೊಕ್ಯಾಂಪಸ್ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಅಜ್ಜಿ ಒಡೆಯದೆಯೇ ಕಾಯಿ ನೋಡಿದಂತೆ, ತಲೆಬುರುಡೆ ತೆರೆಯದೆ ಅದನ್ನು ಅಳೆಯುವುದಕ್ಕೆ ಎಂಆರ್‌ಐ ಯಂತ್ರವಿದೆ. ದೊಡ್ಡ ಆಸ್ಪತ್ರೆಗಳಲ್ಲಿರುವ 3 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯ ಕಾಂತಶಕ್ತಿಗಿಂತ ಸುಮಾರು 60 ಸಾವಿರ ಪಟ್ಟು ಬಲವಾದದ್ದು. ಹೇರ್‌ಪಿನ್ನು, ವಾಚು, ಕಾಸು ಎಲ್ಲವನ್ನೂ ಹೊರಗೇ ಬಿಟ್ಟು ಹೋಗಬೇಕು. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ಯಂತ್ರ ರೇಡಿಯೋ ಅಲೆಯಿಂದ ಕೆಣಕುತ್ತದೆ. ಅವು ಮರಳಿ ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಎಕ್ಸ್-ರೇ ಇಲ್ಲ, ಸೂಜಿಯೂ ಸಾಮಾನ್ಯವಾಗಿ ಬೇಕಿಲ್ಲ. ಟಕಟಕ ಸದ್ದು ಮಾತ್ರ ವಿಪರೀತ.

ಹಾಗೆಂದು ಮಿದುಳನ್ನು ಗಿಟಕಿಗೆ ಪೂರ್ತಿ ಹೋಲಿಸಬೇಡಿ. ಗಿಟಕಾಗುವಾಗ ನೀರು ಬತ್ತುತ್ತದೆ. ಮಿದುಳು ಕುಗ್ಗಿದಾಗ ಬಿಟ್ಟ ಜಾಗದಲ್ಲಿ ತಿಳಿನೀರಿನಂಥ ದ್ರವ ಹೆಚ್ಚುತ್ತದೆ.

ಚಿತ್ರವೊಂದೇ ಸಾಲದು. ಕುಗ್ಗಿದ ಮಿದುಳಿದ್ದರೂ ಚುರುಕಾಗಿರುವ ಹಿರಿಯರುಂಟು. ಹಾಗಾಗಿ ಮಿದುಳಿಗೆ ಕೆಲಸ ಕೊಟ್ಟೂ ನೋಡಬೇಕು. ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆಮೇಲೆ ಅವೇ ಪದ ಕೇಳುವುದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎನ್ನುವುದು. (ಇದನ್ನು ನೀವೂ ಆಡಬಹುದು. ಅಜ್ಜಿ ಸೋಲುತ್ತಾರೆ ಎಂದುಕೊಳ್ಳಬೇಡಿ.) ಯಂತ್ರದೊಳಗೆ ಮಲಗಿಸಿಯೇ ಚಿತ್ರ ತೋರಿಸಿ, ಆಗ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆಂದು ನೋಡುವ ಉಪಾಯವೂ ಉಂಟು. 1990ರಲ್ಲಿ ಜಪಾನಿನ ಸೇಜಿ ಒಗಾವಾ ಅದಕ್ಕೆ ದಾರಿ ತೋರಿದರು. ಯುವಜನರು ಮಿದುಳಿನ ಮುಂಭಾಗದ ಒಂದೇ ಪಕ್ಕವನ್ನು ಹೆಚ್ಚು ದುಡಿಸುವ ಕೆಲವು ಕೆಲಸಗಳಿಗೆ ವಯಸ್ಸಾದವರು ಎರಡೂ ಪಕ್ಕ ಬಳಸುವುದು ಇಂಥ ಚಿತ್ರಗಳಲ್ಲಿ ಕಂಡುಬಂದಿದೆ.

ಇಂಥ ಅಧ್ಯಯನಗಳು ಬಹುಕಾಲ ನಡೆದದ್ದು ಶ್ರೀಮಂತ ದೇಶಗಳ ಓದುಬರಹ ಬಲ್ಲವರ ಮೇಲೆ. ನಮ್ಮ ಹಳ್ಳಿಯ ಅಜ್ಜಿಯರಿಗೆ ಆ ಅಳತೆ ಹೊಂದೀತೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಿಗೆ ಹೋಯಿತು. 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅದರದು. ಓದಲು ಬಾರದವರೂ ನೋಡಿ, ಕೇಳಿ ಉತ್ತರಿಸುವಂತೆ ಪರೀಕ್ಷೆಗಳನ್ನು ಹೊಂದಿಸಿಕೊಂಡಿದ್ದಾರೆ. ಇದು ಶಾಲೆಯ ಪರೀಕ್ಷೆಯಂತೆ ಪಾಸು ಫೇಲಿನದಲ್ಲ. ಅಜ್ಜಿಯ ಈ ಸಲದ ಉತ್ತರವನ್ನು ಅಜ್ಜಿಯದೇ ಹಿಂದಿನ ಉತ್ತರದ ಪಕ್ಕದಲ್ಲಿಟ್ಟು ನೋಡುವುದೇ ಇದರ ದೊಡ್ಡ ಲಾಭ.

ಹೆಸರು ತಕ್ಷಣ ನೆನಪಾಗದಿದ್ದರೆ ಗಾಬರಿ ಬೇಡ. ಆದರೆ ದಿನಾ ಓಡಾಡುವ ತೋಟದ ದಾರಿಯೇ ತಪ್ಪಿದರೆ, ಕೇಳಿದ್ದನ್ನೇ ಹತ್ತು ಸಲ ಕೇಳಿದರೆ, 'ಅರಳುಮರಳು' ಎಂದು ನಕ್ಕು ಸುಮ್ಮನಾಗಬೇಡಿ, ಅಪ್ಪ ಅಮ್ಮನಿಗೆ ಹೇಳಿ. ಬಿ12 ಜೀವಸತ್ವದ ಕೊರತೆಯಿಂದಲೋ ಥೈರಾಯ್ಡ್ ತೊಂದರೆಯಿಂದಲೋ ಬಂದ ಮರೆವಾದರೆ, ಬೇಗ ವೈದ್ಯರಿಗೆ ತೋರಿಸಿದಾಗ ಚಿಕಿತ್ಸೆಯಿಂದ ಸುಧಾರಿಸಬಹುದು.